ಯಾರ್ಡಿಗಿ ಹೊಸ ಸಿಸ್ಟಮ್ ಬಂದದ, ಮಂದಿಗಿ ಹ್ಯಾಂಗ ಕಲಿಸೂದು? ಎಲ್ಲಾ ದಾರಿ ತೂಗಿ ನೋಡೀನಿ

ನಮ್ಮ ಅಕ್ಕನ ಮಗ ಬೀದರ್ ಕಡಿ ಒಂದು ಗೋಡೌನ್ ಯಾರ್ಡ್ ನೋಡ್ಕೋತಾನ. ಹೋದ ವರ್ಷ ಫೋನ್ ಮಾಡಿ, "ಮಾಮಾ, ಮಾಲಿನ ಲೆಕ್ಕದ ಸಾಫ್ಟ್‌ವೇರ್ ಹಾಕ್ಸೀವಿ, ಸ್ಕ್ಯಾನರ್ ತಂದೀವಿ, ಗೇಟಿಗಿ ಟ್ಯಾಬ್ ಕೊಟ್ಟೀವಿ, ಆದ್ರ ಮಂದಿ ಇನ್ನಾ ಲೆಕ್ಕ ಬರಿಯೋ ವಹಿ ಬಿಡವಲ್ರು, ಏನ್ ಮಾಡ್ಲಿ" ಅಂದ. ಕಲಿಸಿದ್ದು ಹ್ಯಾಂಗಪಾ ಅಂತ ಕೇಳ್ದೆ. "ಕಂಪನಿಯವ್ರು ಬಂದು ಒಂದಿನ ಪ್ರೊಜೆಕ್ಟರ್ ಹಾಕಿ ತೋರ್ಸಿ ಹೋದ್ರು, ಎಲ್ಲಾರೂ ಹೂಂ ಅಂದ್ರು." ಎಲ್ಲಾರೂ ಹೂಂ ಅಂದ್ರು ಅಂದ ಕೂಡ್ಲೇ ನನಗ ತಿಳೀತು, ಯಾರಿಗೂ ಏನೂ ತಿಳದಿಲ್ಲ ಅಂತ.

ನಾ ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಮಾಲು ಹತ್ತಿಸೋ ಇಳಿಸೋ ಯಾರ್ಡಿನ್ಯಾಗ ಹದಿನೈದು ವರ್ಷದ ಮ್ಯಾಲಾತು, ಮೊದಲ ಕಾಂಟಾ (ಲಾರಿ ತೂಗೋ ದೊಡ್ಡ ತಕ್ಕಡಿ) ಚೀಟಿ ಬರಿಯೋ ಹುಡುಗ ಇದ್ದೆ, ಈಗ ಸೂಪರ್‌ವೈಜರ್. ಇಷ್ಟರಾಗ ಮೂರು ಸಲ ಸಿಸ್ಟಮ್ ಬದಲಾಗೋದು ನೋಡೀನಿ. ಒಂದು ಸಲ ಪೂರಾ ಕೆಟ್ಟು ಹೋತು, ಒಂದು ಸಲ ಹಾಂಗೂ ಹಿಂಗೂ ನಡೀತು, ಮೂರನೇದು ಬರೊಬ್ಬರಿ ಆತು. ಕೆಟ್ಟು ಹೋದ ಸಲ ಇದ್ದ ಸಾಫ್ಟ್‌ವೇರೇನು ಕೆಟ್ಟದ್ದಿರಲಿಲ್ಲ, ಈಗಿಂದಕ್ಕಿಂತ ಛಲೋನೇ ಇತ್ತು, ಅದನ್ನ ನೆನಸ್ಕೊಂಡ್ರ ಇನ್ನಾ ಕೆಟ್ಟ ಅನಸ್ತದ.

ಮುಂದ ಬಂದರಿನ ಮಾತೂ ಬರ್ತದ. ಕಲಬುರಗಿಗಿ ಸಮುದ್ರ ಎಲ್ಲಿಂದ ಬಂತು, ಬಂದರಿನ ಮಾತು ಯಾಕ ಅಂತೀರೇನು? ನಮ್ಮ ಕೆಲಸದ ಅರ್ಧ ಬಾಲ ಬಂದರಿನ್ಯಾಗೇ ಅದ ನೋಡ್ರಿ. ತೊಗರಿ ಕಣಜ ಅಂತ ಹೆಸರು ನಮ್ಮದು, 2019ರಾಗ ಗುಲಬರ್ಗಾ ತೊಗರಿ ಬ್ಯಾಳಿಗಿ ಊರಿನ ಹೆಸರಿನ ಗುರುತು, ಜಿಐ ಟ್ಯಾಗ್ ಸೈತ ಸಿಕ್ತು, ಆದ್ರೂ ಆಫ್ರಿಕಾದ ಮೊಜಾಂಬಿಕ್ ತೊಗರಿ ಹಡಗಿನ್ಯಾಗ ಬರೋದು ನಿಂತಿಲ್ಲ (ನಮ್ಮ ರೈತರಿಗಿ ಅದರ ಮ್ಯಾಲ ಇರೋ ಸಿಟ್ಟು ಬ್ಯಾರೆ ಮಾತು, ಅದನ್ನ ತಗದ್ರ ಸಂಜಿ ಆಗ್ತದ). ಇಲ್ಲಿಂದ ಮುಂಬೈ ಕಡಿ ನವಾ ಶೇವಾ ಬಂದರಿಗಿ ಹೋಗೋ ಟ್ರೇಲರ್ ಅದ ಅನ್ಕೋರಿ, 2016 ಜುಲೈ 1ರಿಂದ ಎಕ್ಸ್‌ಪೋರ್ಟ್ ಕಂಟೇನರ್‌ದು ತೂಗಿದ ಪಕ್ಕಾ ವಜನ್ ಬರದು ಕೊಡದಿದ್ರ ಹಡಗಿಗಿ ಹತ್ತಸಂಗಿಲ್ಲ, ಅದು ಜಗತ್ತಿನ ಎಲ್ಲಾ ಕಡಿ ನಡಿಯೋ ರೂಲು. ಇಲ್ಲಿ ಕಾಂಟಾದ ಮ್ಯಾಲ ಕುಂತೋರು ಒಂದು ಅಂಕಿ ತಪ್ಪು ಒತ್ತಿದ್ರ ಅಲ್ಲಿ ಟ್ರೇಲರ್ ನಿಲ್ತದ, ಡ್ರೈವರ್ ಫೋನ್ ಮಾಡಿ ಬಯ್ಯೋದು ನಮಗ. ಅದಕ್ಕ ದೊಡ್ಡ ಬಂದರಿನವ್ರು ತಮ್ಮ ಮಂದಿಗಿ ಹೊಸ ಮಷೀನ್ ಹ್ಯಾಂಗ ಹೊಂದಿಸಿಕೊಟ್ರು, ಎಲ್ಲಿ ಬಿದ್ರು ಅನ್ನೋದು ನಮಗೂ ಉಪಯೋಗಕ್ಕ ಬರ್ತದ.

ಮಂದಿ ಇಲ್ಲಿ ಎರಡು ಪ್ರಶ್ನಿ ಕೂಡ್ಸಿ ಒಂದೇ ಮಾಡ್ತಾರ. ಹ್ಯಾಂಗ ಕಲಿಸೂದು ಅನ್ನೋದು ಒಂದು, ಹಳೇದು ಯಾವಾಗ ಬಂದ್ ಮಾಡೂದು ಅನ್ನೋದು ಇನ್ನೊಂದು. ಎರಡಕ್ಕೂ ಬ್ಯಾರೆ ಬ್ಯಾರೆ ದಾರಿ ಅವ. ಅವೆರಡರ ನಡುವ ಮೂರನೇದೊಂದು ಅದ, ಅದನ್ನ ಮಾಲಕರು ಯಾರೂ ಕೇಳೂದೇ ಇಲ್ಲ, ಮುಂದ ಹೇಳ್ತೀನಿ.

ಕ್ಲಾಸ್ ಹಾಕಿ ಕಲಿಸೂದೋ, ಬಾಜೂಕ ನಿಂತು ಕಲಿಸೂದೋ

ಕ್ಲಾಸ್ ಅಂದ್ರ ನಿಮಗ ಗೊತ್ತದ, ಸಾಫ್ಟ್‌ವೇರ್ ಮಾರಿದವ್ರು ಬೆಂಗಳೂರಿಂದನೋ ಹೈದರಾಬಾದಿಂದನೋ ಒಬ್ಬ ಹುಡುಗನ್ನ ಕಳಸ್ತಾರ, ಅವ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ಪಟಪಟ ಅಂತ ತೋರಸ್ತಾನ, ನಡುವ ಚಹಾ, ಸೂಸಲಾ, ಮಿರ್ಚಿ ಬರ್ತದ, ಐದಕ್ಕ ಮುಗೀತದ. ಇದರಾಗ ಫಾಯ್ದೆ ಇಲ್ಲಂತ ನಾ ಹೇಳಂಗಿಲ್ಲ. ಎಲ್ಲಾರೂ ಒಂದೇ ದಿನ ಒಂದೇ ಮಾತು ಕೇಳ್ತಾರ, ಮಾಲಕರೂ ಮುಂದ ಕುಂತಿರ್ತಾರ, ಹಿಂಗಾಗಿ "ನನಗ ಯಾರೂ ಹೇಳೇ ಇಲ್ಲ" ಅನ್ನೋ ಮಾತು ಆಮ್ಯಾಲ ಬರಂಗಿಲ್ಲ. ಆದ್ರ ಕ್ಲಾಸಿನ್ಯಾಗ ಲಾರಿ ಇರಂಗಿಲ್ಲ ನೋಡ್ರಿ. ಹಿಂದ ಹಾರ್ನ್ ಹೊಡಿಯೋನಿಲ್ಲ, ಬಿಲ್ಟಿ (ಲಾರಿ ಮಾಲಿನ ಚೀಟಿ) ಒಂದು ಹೇಳ್ತದ ಮಾಲು ಒಂದದ ಅನ್ನೋ ತಕರಾರಿಲ್ಲ, ಆ ಹುಡುಗ ತೋರ್ಸೋ ಲಾರಿದಾಗ ಹತ್ತೇ ಚೀಲ, ಒಬ್ಬನೇ ಪಾರ್ಟಿ, ಎಲ್ಲಾ ಚಂದ. ನಮ್ಮಲ್ಲಿ ಒಂದೇ ಲಾರಿದಾಗ ಮೂರು ಪಾರ್ಟಿ ಮಾಲು, ಎರಡು ಚೀಲ ಹರದಾವ, ಒಂದನ್ನ ಬ್ಯಾರೆ ಬಾರದಾನದಾಗ ತುಂಬ್ಯಾರ, ಅದರ ಸ್ಟಿಕ್ಕರ್ ಎಲ್ಲಿ ಹೋತೋ ದೇವರೇ ಬಲ್ಲ. ಮಂದಿ ಅಡ್ಡ ಬೀಳೋದೆಲ್ಲಾ ಅಲ್ಲೇ.

ಅದಕ್ಕ ಕ್ಲಾಸ್ ಮಾಡಿಸ್ಲೇಬೇಕಂದ್ರ ಒಂದು ಕೆಲಸ ಮಾಡ್ರಿ. ಹಿಂದಿನ ವಾರದ ಯಾವುದರೆ ಒಂದು ದಿನದ್ದು ಖರೇ ಕಾಗದ ಪತ್ರ, ಕಾಂಟಾ ಚೀಟಿ, ಗೇಟ್ ಪಾಸ್, ಬಿಲ್ಟಿ ಎಲ್ಲಾ ಆ ಹುಡುಗನ ಕೈಯಾಗ ಕೊಟ್ಟು, "ಇವನ್ನ ಹಾಕಿ ತೋರ್ಸಪಾ" ಅನ್ರಿ. ಅವನೇ ಎಲ್ಲಿ ಸಿಕ್ಕಂಡು ಬೀಳ್ತಾನ ನೋಡ್ಕೋರಿ, ನಿಮ್ಮ ಮಂದಿ ನಾಳಿ ಸಿಕ್ಕಂಡು ಬೀಳೋದೂ ಅಲ್ಲೇ. ಕ್ಲಾಸಿಗಿ ಕೊಟ್ಟ ರೊಕ್ಕ ವಸೂಲ್ ಆಗೋದು ಹಿಂಗ ಮಾಡಿದ್ರನೇ. ಮತ್ತ ಒಂದು ತಾಸಿಗಿಂತ ಜಾಸ್ತಿ ಬ್ಯಾಡ, ನಿಂತು ಕೆಲಸ ಮಾಡೋ ಮಂದಿನ ಕುಂಡ್ರಿಸಿದ್ರ ನಿದ್ದಿ ಬರ್ತದ, ಅದು ಅವ್ರ ತಪ್ಪಲ್ಲ.

ಎರಡನೇ ದಾರಿ, ನನಗ ಮನಸಿಗಿ ಬಂದಿದ್ದು, ನಮ್ಮವ್ರೇ ಒಬ್ಬರು ಮೊದಲ ಕಲ್ತು ಉಳಿದವ್ರ ಬಾಜೂಕ ನಿಂತು ಕಲಿಸೂದು. ಇದರಾಗ ಎಲ್ಲಾರೂ ಮಾಡೋ ತಪ್ಪು ಏನಂದ್ರ ಡಿಗ್ರಿ ಆದ, ಮೊಬೈಲ್‌ದಾಗ ಬೆರಳು ಓಡೋ ಹುಡುಗನ್ನ ಆರಿಸ್ತಾರ. ನಾವೂ ಅದೇ ಮಾಡಿದ್ವಿ. ಆ ಹುಡುಗ ಶಾಣ್ಯಾನೇ, ಆದ್ರ ಗೇಟಿನ ಕಾಕಾ ಒಂದು ಬಟನ್ ಹುಡುಕ್ಲಿಕ್ಕ ಜರಾ ತಡ ಮಾಡಿದ್ರ ಸಾಕು, ಟ್ಯಾಬ್ ಕಸ್ಗೊಂಡು ತಾನೇ ಟಕಟಕ ಒತ್ತಿ "ಆತು ನೋಡ್ರಿ ಕಾಕಾ" ಅಂತಿದ್ದ. ಕಾಕಾಗ ಏನು ಕಲ್ತಂಗಾತು? ಹುಡುಗ ಬಂದ್ರ ಕೆಲಸ ಆಗ್ತದ ಅನ್ನೋದು ಕಲ್ತ್ರು ಅಷ್ಟೇ, ಹುಡುಗ ರಜಾ ಹಾಕಿದ ದಿನ ವಹಿ ಹೊರಗ ಬರ್ತಿತ್ತು. ಆಮ್ಯಾಲ ಬದಲಾಯಿಸಿದ್ವಿ, ಕಾಂಟಾದ ಮ್ಯಾಲ ಕುಂದ್ರೋ ಅಕ್ಕೋರಿಗಿ ಹೇಳಿದ್ವಿ. ಹತ್ತನೇತ್ತೆ ಓದ್ಯಾರ, ಕಂಪ್ಯೂಟರ್ ದೊಡ್ಡದೇನು ಗೊತ್ತಿಲ್ಲ, ಆದ್ರ ಮೊದಲಿಂದನೂ ಯಾರಿಗೇನರೆ ಸಂಶೆ ಬಂದ್ರ ಅವ್ರ ಹತ್ರಾನೇ ಹೋಗಿ ಕೇಳ್ತಿದ್ರು, ಲೋನ್ ಫಾರ್ಮ್ ತುಂಬೋದರಿಂದ ಹಿಡಿದು ಮಗಳ ಸಾಲಿ ಅರ್ಜಿ ತನಕ. ಅಂಥವ್ರನ್ನ ಹುಡುಕ್ರಿ, ಪ್ರತಿ ಯಾರ್ಡಿನ್ಯಾಗ ಒಬ್ಬರಿರ್ತಾರ. ಅಕ್ಕೋರಿಗಿ ಒಂದೇ ರೂಲು ಹಾಕಿದ್ವಿ, ಕಲಿಸುವಾಗ ನಿಮ್ಮ ಕೈ ಹಿಂದ ಕಟ್ಕೊಂಡು ನಿಲ್ರಿ, ಬಾಯಿಲೇ ಹೇಳ್ರಿ, ಬೆರಳು ಅವ್ರದ್ದೇ ಇರ್ಲಿ. ಕಾಕಾ ನಾಕೇ ದಿನದಾಗ ಕಲ್ತ್ರು.

ಇದಕ್ಕ ಖರ್ಚಿಲ್ಲ ಅನ್ಕೋಬ್ಯಾಡ್ರಿ. ಕಲಿಸೋರ ಸ್ವಂತ ಕೆಲಸ ಹಿಂದ ಬೀಳ್ತದ, ಅಕ್ಕೋರ ಜಾಗಾದಾಗ ಹದಿನೈದು ದಿನ ಇನ್ನೊಬ್ಬರನ್ನ ಕೂಡಿಸ್ಬೇಕಾತು, ಪಗಾರದ ಮ್ಯಾಲ ಥೋಡೆ ಹೆಚ್ಚಿಗಿ ಕೊಡಬೇಕಾತು. "ನಿಮ್ಮ ಕೆಲಸಾನೂ ಮಾಡ್ರಿ, ಅವ್ರಿಗಿ ಕಲಿಸ್ಲೂ ಕಲಿಸ್ರಿ" ಅಂದ ಮಾಲಕರ ಕಡಿ ಈ ದಾರಿ ಒಂದು ವಾರ ಬಾಳಿಲ್ಲ. ಇನ್ನೊಂದು ಖೋಡಿ ಅದ, ಕಲಿಸೋರು ಒಂದು ತಪ್ಪು ರೂಢಿ ಮಾಡ್ಕೊಂಡಿದ್ರ ಅದು ಪೂರಾ ಯಾರ್ಡಿಗಿ ಹಬ್ಬತದ. ಅಕ್ಕೋರು ಸ್ಕ್ರೀನ್ ನಿಂತ್ರ ಲಾಗೌಟ್ ಆಗಿ ಮತ್ತ ಲಾಗಿನ್ ಆಗ್ತಿದ್ರು, ಎಲ್ಲಾರೂ ಅದನ್ನೇ ಕಲ್ತ್ರು, ಒಂದೇ ಲಾರಿ ಎರಡೆರಡು ಸಲ ಎಂಟ್ರಿ ಆಗೋದು ತಿಂಗಳಾದ ಮ್ಯಾಲ ನಮಗ ಗೊತ್ತಾತು. ಅದಕ್ಕ ಕ್ಲಾಸಿಗಿ ಬಂದ ಕಂಪನಿ ಹುಡುಗನ್ನ ಎರಡನೇ ವಾರ ಮತ್ತೊಂದು ದಿನ ಕರಸ್ರಿ, ಕ್ಲಾಸ್ ಬ್ಯಾಡ, ಸುಮ್ನ ಗೇಟಿನ್ಯಾಗ ನಿಂತು ನೋಡ್ಲಿ, ಎಲ್ಲಿ ತಪ್ಪಲಿಕತ್ತಾರ ಹೇಳ್ಲಿ. ಎಗ್ರಿಮೆಂಟ್ ಬರಿಯುವಾಗೇ ಆ ಎರಡನೇ ದಿನ ಬರಸ್ಕೋರಿ, ಆಮ್ಯಾಲ ಕೇಳಿದ್ರ ಬಿಲ್ ಹಾಕ್ತಾರ.

ವಾಟ್ಸಾಪ್ ವಿಡಿಯೋ ಇವೆರಡರ ಜಾಗಾದಾಗ ನಿಲ್ಲಂಗಿಲ್ಲ, ಆದ್ರ ರಾತ್ರಿ ಪಾಳಿದವ್ರಿಗಿ ಅದೇ ಗತಿ. ಕಂಪನಿ ಕಳಿಸೋ ಇಂಗ್ಲಿಷ್ ವಿಡಿಯೋ ಇಪ್ಪತ್ತು ನಿಮಿಷದ್ದು ಯಾರೂ ನೋಡಂಗಿಲ್ಲ. ನಮ್ಮದೇ ಸ್ಕ್ರೀನ್, ನಮ್ಮದೇ ದನಿ, ಒಂದು ನಿಮಿಷದೊಳಗ ಒಂದೇ ಕೆಲಸ, "ಲಾರಿ ನಂಬರ್ ತಪ್ಪು ಬಿದ್ರ ಹ್ಯಾಂಗ ತಿದ್ದೂದು", ಅಷ್ಟೇ. ಒಂದು ನಮ್ಮ ಕನ್ನಡದಾಗ, ಒಂದು ದಖ್ಖನಿದಾಗ, ನಮ್ಮ ಹಮಾಲರ ಟೋಳಿದಾಗ ಅರ್ಧ ಮಂದಿ ಮನ್ಯಾಗ ಅದೇ ಮಾತಾಡ್ತಾರ. ಒಂದು ಎಚ್ಚರ, ಆ ಗ್ರೂಪಿನ್ಯಾಗ ಯಾರರೆ ಪಾಸ್‌ವರ್ಡ್ ಹಾಕೇ ಹಾಕ್ತಾರ, ನಮ್ಮಲ್ಲಿ ಎರಡನೇ ದಿನಾನೇ ಹಾಕಿದ್ರು. ವಿಡಿಯೋಕ್ಕಿಂತ ನನಗ ಉಪಯೋಗ ಬಿದ್ದಿದ್ದು ಅಂದ್ರ ಗೇಟಿನ ಗ್ವಾಡಿಗಿ ಹಚ್ಚಿದ ಒಂದು ಹಾಳಿ, ಸ್ಕ್ರೀನಿನ ಫೋಟೋ ದೊಡ್ಡದು ಮಾಡಿ, ಯಾವ ಬಟನ್ ಮೊದಲ, ಯಾವುದು ಆಮ್ಯಾಲ ಅಂತ ಕೆಂಪು ಪೆನ್ನಿಲೇ ನಂಬರ್ ಹಾಕಿ ಲ್ಯಾಮಿನೇಶನ್ ಮಾಡ್ಸಿದ್ದು.

ನಾಕನೇದು ಕರಕೊಂಡು ಹೋಗಿ ತೋರ್ಸೂದು. ದೊಡ್ಡ ಬಂದರಿನ್ಯಾಗ ಕ್ರೇನ್ ಕಲಿಸ್ಲಿಕ್ಕ ಸಿಮ್ಯುಲೇಟರ್ (ಖರೇ ಕ್ರೇನ್ ಇಲ್ಲದೇ ಸ್ಕ್ರೀನ್ ಮುಂದ ರೂಢಿ ಮಾಡೋ ಮಷೀನ್) ಇರ್ತಾವ, ಅಲ್ಲಿ ಅದು ಶೋಕಿಗಲ್ಲ, ಕ್ರೇನಿಲೇ ತಪ್ಪಾದ್ರ ಮ್ಯಾಲಿಂದ ಟನ್ ಗಟ್ಟಲೆ ಬೀಳ್ತದ. ಕೇರಳದ ವಿಳಿಂಜಂ ಬಂದರಿನ್ಯಾಗ ಆಟೋಮೇಟಿಕ್ ಯಾರ್ಡ್ ಕ್ರೇನ್ ನಡಿಸೋರಾಗ ಬಾಜೂ ಊರಿನ ಹೆಣ್ಮಕ್ಕಳು ಸೈತ ಅದಾರ, ಮೀನುಗಾರರ ಮನಿಯವ್ರು, ರೂಮಿನ್ಯಾಗ ಸ್ಕ್ರೀನ್ ಮುಂದ ಕುಂತು ನಡಸ್ತಾರ. ಹೊರಗಿಂದ ತಯಾರ್ ಮಂದಿ ತರೋದಕ್ಕಿಂತ ಬಾಜೂದವ್ರಿಗಿ ಕಲಿಸಿದ್ರ ಆಗ್ತದ ಅನ್ನೋದಕ್ಕ ಇದಕ್ಕಿಂತ ಏನು ಬೇಕು. ನಮ್ಮ ಸೈಜಿನ ಯಾರ್ಡಿಗಿ ಸಿಮ್ಯುಲೇಟರ್ ಮಾತೇ ಬ್ಯಾಡ, ಅದೇ ಸಾಫ್ಟ್‌ವೇರ್ ಹಾಕಿದ ಇನ್ನೊಂದು ಯಾರ್ಡ್ ಹುಡುಕಿ ಇಬ್ಬರನ್ನ ಕಳಸ್ರಿ. ನಾವು ವಾಡಿ ಕಡಿ ಒಂದು ಕಡಿ ಕಳಿಸಿದ್ವಿ, ಟ್ರೇನಿನ ಟಿಕೆಟ್, ಎರಡು ಚಹಾ, ಅಷ್ಟೇ ಖರ್ಚು. ಅಲ್ಲಿಯ ಹಮಾಲರ ಕೂಡ ಬೀಡಿ ಸೇದಕೋತ ಮಾತಾಡಿ ಬಂದ್ರು, ನಾ ತಿಂಗಳಾನುಗಟ್ಲೆ ಹೇಳಿದ್ರೂ ನಂಬದಿದ್ದನ್ನ ಅವ್ರು ಒಂದು ತಾಸಿನ್ಯಾಗ ನಂಬಿ ಬಂದ್ರು.

ಹೊಟ್ಟಿ ಮಾತು

ಏನು ನಂಬಿ ಬಂದ್ರು ಅಂದ್ರ, ಕೂಲಿ ಕಡಿಮಿ ಆಗಂಗಿಲ್ಲ ಅಂತ. ಯಾರೂ ಕೇಳದ ಮೂರನೇ ಪ್ರಶ್ನಿ ಇದು. ಮಾಲಕರು "ನಮ್ಮ ಮಂದಿಗಿ ತಲಿ ಇಲ್ಲ, ಕಲೀವಲ್ರು" ಅಂತಾರ. ಇದೇ ಮಂದಿ ಫೋನ್‌ಪೇದಾಗ ರೊಕ್ಕ ಕಳಸ್ತಾರ, ರೀಲ್ಸ್ ನೋಡ್ತಾರ, ಅಷ್ಟು ಸಣ್ಣ ಸ್ಕ್ರೀನಿನ್ಯಾಗ ರೈಲಿನ ಟಿಕೆಟ್ ತಗಸ್ತಾರ, ಸ್ಕ್ಯಾನರ್‌ದ ಮೂರು ಬಟನ್ ಬರಂಗಿಲ್ಲ ಅಂದ್ರ ನಾ ನಂಬಂಗಿಲ್ಲ. ಹಮಾಲರಿಗಿ ಕೂಲಿ ಚೀಲದ ಲೆಕ್ಕದ ಮ್ಯಾಲ. ಇಷ್ಟು ದಿನ ಟೋಳಿಯ ಹಿರಿಯಾ, ಮುಕದ್ದಮ್, ಎಣಿಸ್ತಿದ್ದ, ಅವ ತಮ್ಮವ, ಈಗ ಮಷೀನ್ ಎಣಸ್ತದ, ಅದು ಮಾಲಕರದ್ದು. ಒಂದು ಚೀಲ ಸ್ಕ್ಯಾನ್ ಆಗದಿದ್ರ ಆ ಚೀಲ ಹೊತ್ತ ಬೆನ್ನಿಗಿ ಕೂಲಿ ಯಾರು ಕೊಡ್ತಾರ? ಗೇಟಿನ ಕಾಕಾಗ ಇನ್ನೊಂದು ಚಿಂತಿ, ಟ್ಯಾಬ್ ಎಲ್ಲಾ ಮಾಡಿದ್ರ ಕಾಕಾ ಯಾಕ ಬೇಕು. ಈ ಪ್ರಶ್ನಿ ಅವ್ರು ಬಾಯಿ ಬಿಟ್ಟು ಕೇಳಂಗಿಲ್ಲ, "ನೆಟ್‌ವರ್ಕ್ ಇಲ್ಲ ಸಾಹೇಬ್ರ", "ಬ್ಯಾಟರಿ ಹೋಗ್ಯದ", "ಚಷ್ಮಾ ತಂದಿಲ್ಲ" ಅಂತಾರ.

ಬಂದರಿನ ಮಂದಿ ಇದನ್ನ ನಮಗಿಂತ ಭಾಳ ಮೊದಲ ಉಂಡಾರ. 1956ರ ಏಪ್ರಿಲ್ 26ಕ್ಕ ಐಡಿಯಲ್ ಎಕ್ಸ್ ಅನ್ನೋ ಹಡಗ 58 ಕಂಟೇನರ್ ಹೊತ್ಕೊಂಡು ಅಮೆರಿಕಾದ ನ್ಯೂಆರ್ಕ್ ಕಡಿಂದ ಹ್ಯೂಸ್ಟನ್‌ಗಿ ಹೋತು, ಅಲ್ಲಿ ತನಕ ಹಡಗಿನ ಮಾಲೆಲ್ಲಾ ನಮ್ಮ ಹಮಾಲರಂಗೇ ಚೀಲ, ಪೆಟ್ಟಿಗಿ, ಪೀಪಾಯಿ ಅಂತ ಒಂದೊಂದೇ ಹತ್ತಿಸಿ ಇಳಸ್ತಿದ್ರು. ಮಷೀನ್ ಬರ್ತಾವ ಅಂತ ತಿಳದ ಮ್ಯಾಲ ಅಮೆರಿಕಾದ ಪಶ್ಚಿಮ ದಂಡಿಯ ಬಂದರು ಕಾರ್ಮಿಕರ ಯೂನಿಯನ್ನು 1960ರಾಗ ಮಾಲಕರ ಕೂಡ ಒಂದು ಒಪ್ಪಂದ ಮಾಡ್ಕೊಂತು, ಮಷೀನ್ ತರ್ರಿ, ನಾವು ಅಡ್ಡ ಬರಂಗಿಲ್ಲ, ಆದ್ರ ಕಾಯಂ ಇದ್ದವ್ರ ಕೂಲಿಗಿ ಗ್ಯಾರಂಟಿ ಕೊಡ್ರಿ, ಉಳಿಯೋ ರೊಕ್ಕದಾಗ ಪಾಲು ಕೊಡ್ರಿ, ವಯಸ್ಸಾದವ್ರು ಮೊದಲೇ ರಿಟೈರ್ ಆಗ್ಲಿಕ್ಕ ಬಿಡ್ರಿ ಅಂತ. ಮಷೀನ್ ಬಂದ್ವು, ಹತ್ತು ವರ್ಷ ದೊಡ್ಡ ಗದ್ದಲ ಆಗಲಿಲ್ಲ. ಹಾಂ, ಅದರಾಗೂ ಎರಡನೇ ದರ್ಜಿ ಕೆಲಸಗಾರರಿಗಿ ಅಷ್ಟು ಸಿಗಲಿಲ್ಲ, ಕಾಯಂ ಇದ್ದವ್ರಿಗೇ ಜಾಸ್ತಿ ಫಾಯ್ದೆ ಆತು, ನಮ್ಮಲ್ಲಿ ದಿನಗೂಲಿಯವ್ರು ಯಾವಾಗ್ಲೂ ಲೆಕ್ಕದಿಂದ ಹೊರಗ ಉಳಿಯೋದಿಲ್ಲೇನು, ಹಾಂಗ. ಆ ಮಾತು ಮುಗದಿಲ್ಲ ಇನ್ನಾ, 2024ರ ಅಕ್ಟೋಬರ್ 1ರಿಂದ 3ರ ತನಕ ಅದೇ ಅಮೆರಿಕಾದ ಪೂರ್ವ ದಂಡಿಯ ಬಂದರುಗಳು ಬಂದ್ ಆದ್ವು, ಪಗಾರದ ಕೂಡ ಆಟೋಮೇಶನ್ ಸೈತ ಅದಕ್ಕ ಕಾರಣ.

ಹಿಂಗಾಗಿ ಇಲ್ಲಿ ಹೋಲಿಸ್ಬೇಕಾದ ದಾರಿ ಮೂರು. ಸುಮ್ನ ಇರೋದು, ಆಮ್ಯಾಲ ನೋಡೋಣಂತ ಅನ್ನೋದು, ಇಲ್ಲಾ ಮೊದಲೇ ಕುಂಡ್ರಿಸಿ ಹೇಳೋದು. ಮೊದಲಿನೆರಡೂ ಪುಕ್ಕಟ ಅನಸ್ತಾವ, ಖರ್ಚು ಆಮ್ಯಾಲ ಬರ್ತದ. ನಾವು ಮೂರನೇ ಸಲ ಏನ್ ಮಾಡಿದ್ವಿ ಅಂದ್ರ ಮುಕದ್ದಮ್‌ನ ಮುಂದ ಒಂದು ಹಾಳಿ ಬರದು ಸಹಿ ಹಾಕಿದ್ವಿ, ಮೂರು ತಿಂಗಳ ತನಕ ಮಷೀನ್ ಲೆಕ್ಕ, ಮುಕದ್ದಮ್ ಲೆಕ್ಕ ಎರಡೂ ಇರ್ಲಿ, ಯಾವುದು ಹೆಚ್ಚಿರ್ತದೋ ಅದಕ್ಕ ಕೂಲಿ. ನಮ್ಮ ಮಾಲಕರು ಕುರ್ಚಿದಾಗಿಂದ ಜಿಗದೇ ಬಿಟ್ರು, ಅವ ದಿನಾ ಹತ್ತು ಚೀಲ ಹೆಚ್ಚಿಗಿ ಬರೀತಾನ ಅಂತ. ಬರದ, ಖರೆ, ಒಂದೆರಡು ಸಲ. ಆದ್ರ ಫರಕ್ ಬಂದ ಲಾರಿ ಮತ್ತ ಎಣಿಸ್ಬೇಕು ಅನ್ನೋದೂ ಆ ಹಾಳಿದಾಗ ಇತ್ತು, ಎಣಿಸೋ ಕೆಲಸ ಅವನ ಟೋಳಿಗೇ ಬೀಳ್ತಿತ್ತು, ಬಿಸಲಾಗ ಎರಡು ಸಲ ಎಣಸ್ದ ಮ್ಯಾಲ ಹುಡುಗರೇ ಅವನ ಮ್ಯಾಲ ಬಿದ್ರು. ನಾವು ಅನ್ಕೊಳ್ಳಲಾರದ್ದು ಒಂದಾತು, ಮಷೀನ್ ಎಲ್ಲಿ ಕಡಿಮಿ ಎಣಸ್ತದ ಅಂತ ಹಮಾಲರೇ ಹುಡುಕ್ಲಿಕ್ಕ ಚಾಲೂ ಮಾಡಿದ್ರು. ಸಿಮೆಂಟಿನ ಧೂಳು ಕುಂತ ಸ್ಟಿಕ್ಕರ್ ಓದಂಗಿಲ್ಲ, ಚೀಲ ಉಲ್ಟಾ ಹೊತ್ರ ಸ್ಕ್ಯಾನ್ ಆಗಂಗಿಲ್ಲ, ಇವೆಲ್ಲಾ ಅವ್ರೇ ಹುಡುಕಿ ಕೊಟ್ಟಿದ್ದು. ಸ್ಟಿಕ್ಕರ್ ಹಚ್ಚೋ ಜಾಗಾ ಬದಲು ಮಾಡಿದ್ವಿ, ಫರಕ್ ಬರೋದು ಭಾಳ ಕಡಿಮಿ ಆತು. ಮೂರು ತಿಂಗಳಾಗ ಆ ಹೆಚ್ಚಿನ ಕೂಲಿ ಅಂತ ಹೋಗಿದ್ದು ಕಂಪನಿ ಹುಡುಗನ ಒಂದು ದಿನದ ಬಿಲ್ಲಿಗಿಂತ ಕಡಿಮಿನೇ.

ವಹಿ ಯಾವಾಗ ಮುಚ್ಚೂದು

ಒಂದೇ ದಿನ ಎಲ್ಲಾ ಬದಲು ಮಾಡೋದು ಒಂದು ದಾರಿ. ಸರಕಾರ ಮಾಡೋದು ಹಿಂಗೇ, ತಾರೀಖು ಹಾಕ್ತದ, ಮುಗೀತು. ಮಾಲು ಸಾಗಿಸ್ಲಿಕ್ಕ ಆನ್‌ಲೈನ್‌ದಾಗ ತಗಸೋ ಇ-ವೇ ಬಿಲ್ ನೆನಪದಲ್ಲ? 2018 ಫೆಬ್ರವರಿ 1ಕ್ಕ ಅಂತ ಹೇಳಿದ್ರು, ಮೊದಲನೇ ದಿನಾನೇ ಪೋರ್ಟಲ್ ಕುಂತ್ಬಿಡ್ತು, ಮುಂದ ಹಾಕಿ ಏಪ್ರಿಲ್ 1ಕ್ಕ ಚಾಲೂ ಮಾಡಿದ್ರು. ರಾಜ್ಯದ ಒಳಗಿನ ಸಾಗಣಿಗೂ ಅದೇ ದಿನ ಚಾಲೂ ಮಾಡಿದ್ದು ನಮ್ಮ ಕರ್ನಾಟಕ. ಆದ್ರೂ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಕ್ಲರ್ಕ್‌ಗಳು ಅಷ್ಟೇನು ಒದ್ದಾಡಲಿಲ್ಲ, ಯಾಕಂದ್ರ ಜಿಎಸ್‌ಟಿ ಬರೋಕಿಂತ ಮೊದಲ, ವ್ಯಾಟ್ ಕಾಲದಾಗ, ಇ-ಸುಗಮ ಅಂತ ಹೆಚ್ಚುಕಮ್ಮಿ ಅಂಥದ್ದೇ ನಡಸಿದ್ರು. "ಇದು ಇ-ಸುಗಮದ ತಮ್ಮ" ಅಂದ್ರ ಸಾಕಾಗ್ತಿತ್ತು. ಈ ಪಾಠ ನಾ ಈಗ್ಲೂ ಉಪಯೋಗಸ್ತೀನಿ, ಹೊಸ ಸ್ಕ್ರೀನಿನ ಪ್ರತಿ ಖಾನಾಕ್ಕೂ "ನಿಮ್ಮ ವಹಿದಾಗಿನ ಇಂಥಾ ಕಾಲಂ" ಅಂತ ಹಳೇ ಹೆಸರಿಲೇ ಹೇಳ್ರಿ.

ಸರಕಾರಕ್ಕ ನಡೀತದ, ಯಾರ್ಡಿಗಿ ನಡಿಯಂಗಿಲ್ಲ. ಬ್ರಿಟನ್ನಿನ ದೊಡ್ಡ ಕಂಟೇನರ್ ಬಂದರು ಫೆಲಿಕ್ಸ್‌ಸ್ಟೋವ್, ಅಲ್ಲಿ 2018ರ ಜೂನ್‌ದಾಗ ಟರ್ಮಿನಲ್ (ಕಂಟೇನರ್ ಹತ್ತಿಸಿ ಇಳಿಸೋ ಜಾಗಾ) ನಡಿಸೋ ಸಿಸ್ಟಮ್ ಬದಲು ಮಾಡಿದ್ರು, ತಿಂಗಳಾನುಗಟ್ಲೆ ಲಾರಿ ನಿಂತ್ವು, ಹಡಗ ಬ್ಯಾರೆ ಬಂದರಿಗಿ ತಿರುಗಿದ್ವು. ಅಷ್ಟು ದೊಡ್ಡವ್ರಿಗೇ ಹಿಂಗಾದ್ರ ನಾವು ಯಾವ ಲೆಕ್ಕ. ನಮ್ಮ ಕೆಟ್ಟು ಹೋದ ಸಲಾನೂ ಇದೇ ಕತಿ, ಸೋಮವಾರ ಮುಂಜಾನಿ ವಹಿ ಕಪಾಟಿನ್ಯಾಗ ಹಾಕಿ ಕೀಲಿ ಹಾಕಿದ್ರು, ಮಧ್ಯಾಹ್ನಕ್ಕ ಲಾರಿ ಸಾಲು ಹುಮನಾಬಾದ್ ರೋಡಿನ ತನಕ, ಸಂಜಿಗಿ ಕೀಲಿ ತಗದ್ರು. ಒಮ್ಮೆ ಹಿಂಗ ಕೀಲಿ ತಗದ್ರ ಮುಗೀತು, ಆಮ್ಯಾಲ ನೀವು ಏನೇ ಹೇಳ್ರಿ, "ನೋಡೋಣಂತ, ಸಂಜಿಗಿ ತಗೀತಾರ" ಅಂತ ಮಂದಿ ನಗ್ತಾರ.

ಎರಡೂ ಕೂಡ ನಡಿಸೋದು, ವಹಿನೂ ಬರೀರಿ, ಕಂಪ್ಯೂಟರಿನ್ಯಾಗೂ ಹಾಕ್ರಿ ಅನ್ನೋದು, ಕೇಳ್ಲಿಕ್ಕ ಸುರಕ್ಷಿತ ಅನಸ್ತದ. ಆದ್ರ ದುಪ್ಪಟ್ಟು ಕೆಲಸ, ಮತ್ತ ದಣಿದ ಮನಷ್ಯಾ ಎರಡರಾಗ ಯಾವುದನ್ನ ಮೊದಲ ಬರೀತಾನ? ವಹಿನೇ. ಕಂಪ್ಯೂಟರಿನ್ಯಾಗ ಸಂಜಿಗಿ ಒಟ್ಟಿಗೇ ತುಂಬ್ತಾನ, ಅಂದಾಜಿಲೇ. ಹಾಂಗೂ ಹಿಂಗೂ ನಡೀತು ಅಂದ್ನಲ್ಲ, ಆ ಎರಡನೇ ಸಲ ನಮ್ಮಲ್ಲಿ ಇದು ನಾಕು ತಿಂಗಳು ಎಳೀತು. ಎರಡೂ ನಡಸ್ಬೇಕಂದ್ರ ಮುಗಿಯೋ ತಾರೀಖು ಮೊದಲನೇ ದಿನಾನೇ ಗ್ವಾಡಿಗಿ ಬರದು ಹಾಕ್ರಿ, ಎರಡರಿಂದ ಮೂರು ವಾರ, ಜಾಸ್ತಿ ಬ್ಯಾಡ.

ನನ್ನ ಮತ ಏನಂದ್ರ ಒಂದು ತುಕಡಿ ಮೊದಲ ಬದಲು ಮಾಡ್ರಿ. ಇದರಾಗೂ ಒಂದು ಗುಂಡಿ ಅದ, ಎಲ್ಲಾರೂ "ಒಂದು ಗೇಟ್ ಮೊದಲ" ಅಂತಾರ, ನಾವೂ ಮಾಡಿದ್ವಿ. ಡ್ರೈವರ್‌ಗಳೇನು ಹುಚ್ಚರೇನ್ರಿ, ಹೊಸ ಗೇಟಿನ್ಯಾಗ ತಡ ಆಗ್ತದ ಅಂತ ಎರಡೇ ದಿನದಾಗ ತಿಳ್ಕೊಂಡು ಎಲ್ಲಾ ಲಾರಿ ಹಳೇ ಗೇಟಿಗೇ ಹೊಂಟ್ವು, ಹೊಸ ಗೇಟಿನ್ಯಾಗ ಕಾಕಾ ಟ್ಯಾಬ್ ಹಿಡ್ಕೊಂಡು ನೊಣಾ ಹೊಡೀತಿದ್ರು. ಆಮ್ಯಾಲ ಗೇಟ್ ಬಿಟ್ಟು ಮಾಲಿನ ಲೆಕ್ಕದಾಗ ಹಂಚಿದ್ವಿ, ಸಿಮೆಂಟ್ ಅಷ್ಟೇ ಮೊದಲ ಹೊಸ ಸಿಸ್ಟಮ್‌ದಾಗ, ಯಾಕಂದ್ರ ಸಿಮೆಂಟ್ ಚೀಲ ಎಲ್ಲಾ ಒಂದೇ ವಜನ್, 50 ಕೇಜಿ, ತಕರಾರು ಕಡಿಮಿ. ಬ್ಯಾಳಿ ಆಮ್ಯಾಲ. ಕಂಟೇನರ್ ಎಲ್ಲಾಕ್ಕಿಂತ ಕಡಿಗಿ, ಯಾಕಂದ್ರ ಅದರ ತಪ್ಪು ಬಂದರಿನ ತನಕ ಹೋಗ್ತದ. ಹತ್ತು ಮಂದಿ ಒಳಗಿನ ಸಣ್ಣ ಯಾರ್ಡ್ ಇದ್ದು ದಿನಕ್ಕ ನಾಕೈದು ಲಾರಿ ಬರೋ ಹಂಗಿದ್ರ ಇಷ್ಟೆಲ್ಲಾ ಬ್ಯಾಡ, ಒಂದೇ ದಿನ ಬದಲು ಮಾಡ್ರಿ, ಕಲಿಸೋರು ವಾರ ಪೂರ್ತಿ ಬಾಜೂಕ ಇರ್ಲಿ, ಆಗ್ತದ.

ಯಾವ ತಿಂಗಳು ಅನ್ನೋದು ದಾರಿಗಿಂತ ದೊಡ್ಡದು. ಡಿಸೆಂಬರ್‌ದಿಂದ ಫೆಬ್ರವರಿ ತೊಗರಿ ರಾಶಿ, ಆಗ ಯಾರಿಗಿ ಪುರಸೊತ್ತು. ಮಾರ್ಚ್ ಸುಮಾರಿಗಿ ಶರಣಬಸವೇಶ್ವರ ಜಾತ್ರಿ, ಅರ್ಧ ಮಂದಿ ರಜಾ, ಕೊಡಂಗಿಲ್ಲ ಅಂದ್ರೂ ಹೋಗ್ತಾರ. ಏಪ್ರಿಲ್ ಮೇ ಬಿಸಲಾಗ ಟ್ಯಾಬ್ ಸ್ಕ್ರೀನ್ ಕಾಣಂಗೇ ಇಲ್ಲ, ಮಷೀನ್ ಬಿಸಿ ಆಗಿ ತಾನೇ ಬಂದ್ ಬೀಳ್ತದ, ಮಾರಿದವ್ರು ಅದನ್ನ ಏಸಿ ರೂಮಿನ್ಯಾಗ ತೋರ್ಸಿರ್ತಾರ. ನಮಗ ಸರಿ ಬರೋದು ಜುಲೈ, ಹೆಸರುಕಾಳು ಮಾರ್ಕೆಟ್ಟಿಗಿ ಬರೋದ್ರೊಳಗ ಮುಗಸ್ಕೋಬೇಕು. ನಿಮ್ಮದು ಯಾದಗಿರಿ ಕಡಿ ಹತ್ತಿ, ನೆಲ್ಲು ಇದ್ರ ನಿಮ್ಮ ಲೆಕ್ಕ ನೀವು ಹಾಕ್ರಿ.

ಸಾಮಾನು ಯಾವುದು ತರೂದು ಅಂತ ಕೇಳೋರಿಗಿ ಲಗೂನ ಹೇಳಿಬಿಡ್ತೀನಿ. ಮಂದಿಯ ಸ್ವಂತ ಮೊಬೈಲ್‌ದಾಗ ಆ್ಯಪ್ ಹಾಕ್ಸೋದು ಅಗ್ಗ, ಕಲಿಯೋದೂ ಲಗೂ, ಆದ್ರ ಫೋನ್ ಬಿದ್ದು ಒಡದ್ರ ಯಾರ ಖರ್ಚು ಅನ್ನೋದು ಮೊದಲ ಮಾತಾಡ್ರಿ, ಡೇಟಾ ರೊಕ್ಕಾನೂ. ಬಟನ್ ಇರೋ ದಪ್ಪ ಸ್ಕ್ಯಾನರ್ ತುಟ್ಟಿ, ನೋಡ್ಲಿಕ್ಕ ಹಳೇ ಕಾಲದ್ದು, ಆದ್ರ ಕೈಗವಸ ಹಾಕ್ಕೊಂಡೂ ಒತ್ತಬಹುದು, ಬೆವರಿನ ಕೈಗೂ ಕೇಳ್ತದ. ಚೀಲ ಹೊರೋ ಜಾಗಾದಾಗ ದಪ್ಪಂದೇ ಇರ್ಲಿ, ಗೇಟಿನ್ಯಾಗ ಟ್ಯಾಬ್ ನಡೀತದ. ಸ್ಕ್ರೀನ್ ಕನ್ನಡದಾಗ ಕೊಡ್ತಾರೇನು ಅಂತ ಕೇಳ್ರಿ, ಕೊಟ್ರೂ ಒಮ್ಮೆ ಓದಿ ನೋಡ್ರಿ, ನಮಗ ಬಂದದ್ದರಾಗ "ಲೋಡ್" ಅನ್ನೋದಕ್ಕ "ಭಾರ" ಅಂತ ಹಾಕಿದ್ರು, ಹಮಾಲರೆಲ್ಲಾ "ಲೋಡ್ ಅಂತನೇ ಇರ್ಲಿ ಬಿಡ್ರಿ" ಅಂದ್ರು.

ನಮ್ಮ ಅಳಿಯ ಕಡಿಗಿ ಏನ್ ಮಾಡ್ದ ಅಂದ್ರ, ಮೊದಲ ಎರಡು ವಾರ ಸ್ಕ್ಯಾನರ್ ಎಲ್ಲಾ ತಗದು ಕಪಾಟಿನ್ಯಾಗ ಇಟ್ಟು ಕೂಲಿ ಮಾತು ಮುಗಿಸ್ದ, ಆಮ್ಯಾಲ ಗೇಟಿನ್ಯಾಗ ಇದ್ದ ಹಳೇ ಅಜ್ಜಾರ ಮಗ್ಗಲಕ ಅವ್ರದ್ದೇ ಓಣಿ ಹುಡುಗಿ ಒಬ್ಬಾಕಿನ್ನ ನಿಲ್ಸಿದ. ವಹಿ ಮುಚ್ಚಿ ಈಗ ಐದು ತಿಂಗಳಾತು. ಆದ್ರ ಅಜ್ಜಾರು ಇನ್ನಾ ಕಿಸೆದಾಗ ಸಣ್ಣ ಡೈರಿ ಇಟ್ಕೊಂಡು ಲಾರಿ ನಂಬರ್, ಟೈಮ್ ಬರ್ಕೋತಾರಂತ, "ಕಸ್ಗೋಳ್ಲೇನು ಮಾಮಾ" ಅಂತ ಕೇಳ್ದ. 2017ರ ಜೂನ್ 27ಕ್ಕ ಮಾರ್ಸ್ಕ್ ಅನ್ನೋ ದೊಡ್ಡ ಹಡಗ ಕಂಪನಿ ಕಂಪ್ಯೂಟರ್‌ಗಳಿಗಿ ವೈರಸ್ ಬಡದು ಅವ್ರ ಟರ್ಮಿನಲ್‌ಗಳು ನಿಂತಾಗ, ನವಾ ಶೇವಾದ ಒಂದು ಟರ್ಮಿನಲ್ ಸೈತ ಅದರಾಗ ಇತ್ತು, ಮಂದಿ ಕಾಗದ ಪೆನ್ನು ಹಿಡದೇ ಕೆಲಸ ನಡಿಸಿದ್ರು ಅಂತ ಹೇಳ್ದೆ. "ಡೈರಿ ಇರ್ಲಿ, ವರ್ಷಕ್ಕೊಂದು ಹೊಸಾದು ನೀನೇ ಕೊಡ್ಸು" ಅಂದೆ. ಕೊಡ್ಸ್ಯಾನೋ ಇಲ್ಲೋ, ಇನ್ನಾ ಹೇಳಿಲ್ಲ.